ತಾಯಿಗೆ ಮಗಳು ಹೇಳಬೇಕಾದ ಮಾತು

ಹ. ಆಇಶಾ(ರ)ರ ಮನೆಗೆ ಒಂದು ದಿನ ಬಡ ಮಹಿಳೆಯೊಬ್ಬರು ಬಂದರು. ಅವರ ಜೊತೆ ಇಬ್ಬರು ಎಳೆಯ ಹೆಣ್ಣುಮಕ್ಕಳಿದ್ದರು. ಹ. ಆಇಶಾ(ರ) ಅವರಿಗೆ ಮೂರು ಖರ್ಜೂರ ಕೊಟ್ಟರು. ಆ ತಾಯಿ ಮಕ್ಕಳಿಬ್ಬರಿಗೂ ಒಂದೊಂದು ಕೊಟ್ಟು, ಉಳಿದದ್ದನ್ನು ತಾವು ತಿನ್ನಲೆಂದು ಬಾಯಿಯ ಬಳಿಗೆ ಎತ್ತಿದರು. ಅಷ್ಟರಲ್ಲಿ ಮಕ್ಕಳು ಅದನ್ನೂ ಕೇಳಿದರು. ಎತ್ತಿದ ಕೈ ಕೆಳಗಿಳಿಯಿತು. ಆ ಖರ್ಜೂರವನ್ನು ಎರಡು ಹೋಳು ಮಾಡಿ ಇಬ್ಬರಿಗೂ ಹಂಚಿ ತಾಯಿ ಬರಿಗೈಯಲ್ಲಿ ಕುಳಿತರು. ಇದನ್ನು ಕಂಡು ಬೆರಗಾದ ಹ. ಆಇಶಾ(ರ) ಪ್ರವಾದಿ(ಸ)ರಿಗೆ ವಿಷಯ ತಿಳಿಸಿದರು. ಆ ಒಂದು ಕೆಲಸಕ್ಕಾಗಿ ಅಲ್ಲಾಹನು ಆ ತಾಯಿಗೆ ಸ್ವರ್ಗವನ್ನು ಖಚಿತಗೊಳಿಸಿದನೆಂಬ ಶುಭವಾರ್ತೆ ಅವರಿಂದ ಬಂತು. ಸಹೀಹ್ ಮುಸ್ಲಿಮ್‌ನಲ್ಲಿ ಈ ಘಟನೆ ಇದೆ.

ಈ ಹದೀಸನ್ನು ನೀವು ಎಷ್ಟೋ ಪ್ರವಚನಗಳಲ್ಲಿ ಕೇಳಿರುತ್ತೀರಿ. ಪ್ರತಿಸಲವೂ ಮಾತು ಆ ತಾಯಿಯ ಬಗ್ಗೆಯೇ. ಆ ಇಬ್ಬರು ಹುಡುಗಿಯರ ಕುರಿತು ಯಾರಾದರೂ ಮಾತನಾಡಿದ್ದನ್ನು ಕೇಳಿದ್ದೀರಾ? ಅವರು ಮುಂದೆ ಏನಾದರೆಂದು ವರದಿಗಳು ತಿಳಿಸುವುದಿಲ್ಲ. ಆದರೆ ಒಂದಂತೂ ನಿಜ. ಮೂರನೆಯ ಖರ್ಜೂರವನ್ನು ಕೇಳಿದಾಗ ಅದು ಉಮ್ಮನ ಪಾಲಿನದು, ಉಮ್ಮನಿಗೂ ಹಸಿವಿದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಮಕ್ಕಳಿಗೆ ತಿಳಿಯುವುದೂ ಇಲ್ಲ. ಅದು ತಿಳಿಯುವುದು ಬಹಳ ತಡವಾಗಿ, ಹೆಚ್ಚಾಗಿ ತಮ್ಮದೇ ಮಕ್ಕಳು ತಮ್ಮ ಕೈಯ ತುತ್ತನ್ನು ಕೇಳುವ ದಿನ. ಅಷ್ಟು ಹೊತ್ತಿಗೆ ಮಗಳು ತಾಯಿಯ ಮನೆಯಲ್ಲಿರುವುದಿಲ್ಲ.

ಈ ಲೇಖನ ಅಂತಹ ಮಗಳಿಗಾಗಿ. ಮದುವೆಯಾಗಿ, ಮಕ್ಕಳಾಗಿ, ಒಂದು ಮನೆಯ ಜವಾಬ್ದಾರಿ ಹೊತ್ತ ಮೇಲೆ ತನ್ನ ಉಮ್ಮ ಏನಾಗಿದ್ದರು ಎಂಬುದು ತಿಳಿಯತೊಡಗಿದ ಮಗಳಿಗಾಗಿ. ಅವಳ ಪತಿಗೂ ಅತ್ತೆಗೂ ಇದರಲ್ಲಿ ಓದಲು ಸ್ವಲ್ಪ ಇದೆ.

ನಮ್ಮಲ್ಲಿ ತಾಯಿಯ ಹಕ್ಕಿನ ಬಗ್ಗೆ ಮಾತು ಬಂತೆಂದರೆ ಅದು ಗಂಡುಮಕ್ಕಳತ್ತಲೇ ತಿರುಗುತ್ತದೆ. ತಾಯಿಯ ಪಾದದಡಿ ಸ್ವರ್ಗವಿದೆ ಎಂಬ ಅರ್ಥದ ಮಾತನ್ನು ಪ್ರವಾದಿ(ಸ) ಹೇಳಿದ್ದು ಯುದ್ಧಕ್ಕೆ ಹೊರಡಲು ಅನುಮತಿ ಕೇಳಲು ಬಂದವರೊಬ್ಬರಿಗೆ. ನನ್ನ ಒಳ್ಳೆಯ ಒಡನಾಟಕ್ಕೆ ಯಾರು ಹೆಚ್ಚು ಅರ್ಹರೆಂದು ಕೇಳಿ, ಮೂರು ಸಲವೂ ತಾಯಿ ಎಂಬ ಉತ್ತರ ಪಡೆದದ್ದೂ ಒಬ್ಬ ಪುರುಷ. ಹಾಗಾಗಿ ಈ ಉಪದೇಶವೆಲ್ಲ ಗಂಡುಮಕ್ಕಳಿಗೆ ಎಂಬ ಭಾವನೆ ಬೆಳೆದುಬಿಟ್ಟಿದೆ. ಹೆಣ್ಣುಮಕ್ಕಳಿಗೆ ಕೊಡುವ ಉಪದೇಶವೆಲ್ಲ ಪತಿಯ ಹಕ್ಕುಗಳ ಬಗ್ಗೆ. ನಿಕಾಹ್ ಮುಗಿದ ಮೇಲೆ ತಾಯಿಯೊಂದಿಗಿನ ಅವಳ ಸಂಬಂಧ ಪೆರ್ನಾಲ್‌ಗೆ ಒಮ್ಮೆ ಬಂದು ಹೋಗುವಷ್ಟಕ್ಕೆ ಇಳಿಯುತ್ತದೆ. ಆದರೆ ಕುರ್‌ಆನ್ ಏನು ಹೇಳುತ್ತದೆ ನೋಡಿ. ಸೂರಃ ಲುಕ್ಮಾನ್‌ನಲ್ಲಿ ಹೆತ್ತವರ ವಿಷಯದಲ್ಲಿ ತಾಕೀತು ಮಾಡುವಾಗ ಅಲ್ಲಾಹನು ಬಳಸಿದ ಪದ ಇನ್ಸಾನ್, ಅಂದರೆ ಮನುಷ್ಯ (31:14). ಮಗ ಎಂದಲ್ಲ. ಗಂಡಾಗಲಿ ಹೆಣ್ಣಾಗಲಿ, ಮದುವೆಯಾಗಿರಲಿ ಆಗದಿರಲಿ, ಹೆಣ್ಣೊಬ್ಬಳ ಗರ್ಭದಿಂದ ಬಂದವರೆಲ್ಲ ಆ ಪದದೊಳಗೆ ಬಂದರು.

ಅದೇ ವಚನದಲ್ಲಿ ತಾಯಿ ಬಳಲಿಕೆಯ ಮೇಲೆ ಬಳಲಿಕೆಯನ್ನು ಅನುಭವಿಸುತ್ತ ಮಗುವನ್ನು ಹೊರುವುದರ ಪ್ರಸ್ತಾಪವಿದೆ. ಎರಡು ವರ್ಷಗಳ ಮೊಲೆಯೂಡಿಸುವಿಕೆಯ ಪ್ರಸ್ತಾಪವೂ ಇದೆ. ಸೂರಃ ಅಹ್‌ಕಾಫ್‌ನಲ್ಲಿ (46:15) ಇದೇ ವಿಷಯ ಇನ್ನಷ್ಟು ವಿವರವಾಗಿ ಬರುತ್ತದೆ. ಗಂಡುಮಕ್ಕಳು ಈ ವಚನವನ್ನು ನಂಬಿ ಒಪ್ಪಿಕೊಳ್ಳಬೇಕು, ಬೇರೆ ದಾರಿಯಿಲ್ಲ. ಮಗಳಾದರೋ ಇದನ್ನು ತನ್ನ ಮೈಯಲ್ಲೇ ಓದುತ್ತಾಳೆ. ಮೊದಲ ತಿಂಗಳುಗಳ ವಾಂತಿ, ಕೊನೆಯ ತಿಂಗಳುಗಳ ನಿದ್ದೆಯಿಲ್ಲದ ರಾತ್ರಿಗಳು, ಹೆರಿಗೆ ಕೋಣೆಯ ಆ ಗಂಟೆಗಳು. ಇವೆಲ್ಲ ಮುಗಿದು ಕಣ್ಣು ತೆರೆದಾಗ ಹಾಸಿಗೆಯ ಬದಿಯಲ್ಲಿ ಕುಳಿತಿರುವವರು ಹೆಚ್ಚಾಗಿ ಉಮ್ಮ. ಚೊಚ್ಚಲ ಹೆರಿಗೆಗೆ ತವರಿಗೆ ಬರುವ ಪದ್ಧತಿ ನಮ್ಮಲ್ಲಿ ಹಲವೆಡೆ ಇದೆಯಷ್ಟೆ. ಬಾಣಂತನದ ಆ ನಲವತ್ತು ದಿನ ಮಗಳು ಮಲಗಿರುತ್ತಾಳೆ. ಉಮ್ಮ ಸೌದೆ ಒಲೆಯಲ್ಲಿ ನೀರು ಕಾಯಿಸುತ್ತಾರೆ, ಎಣ್ಣೆ ಹಚ್ಚುತ್ತಾರೆ, ಮದ್ದು ಅರೆಯುತ್ತಾರೆ, ರಾತ್ರಿ ಮಗು ಅತ್ತರೆ ಮಗಳಿಗಿಂತ ಮೊದಲು ಏಳುತ್ತಾರೆ. ಮಗಳಿಗೆ ಆಗ ಹೊಳೆಯುತ್ತದೆ: ನನಗೂ ಇಷ್ಟೇ ಮಾಡಿದ್ದರು, ಆಗ ಇವರಿಗೆ ಇಪ್ಪತ್ತೋ ಇಪ್ಪತ್ತೆರಡೋ ವಯಸ್ಸು.

ನನ್ನ ತರಗತಿಯ ಒಂದು ಮಗುವಿನ ತಾಯಿ, ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವವರು, ಮಗುವನ್ನು ಕರೆದುಕೊಂಡು ಹೋಗಲು ಬಂದಾಗ ಮದ್ರಸದ ಜಗಲಿಯಲ್ಲಿ ಮಳೆ ನಿಲ್ಲಲೆಂದು ಕಾಯುತ್ತ ತನ್ನ ಉಮ್ಮನ ಬಗ್ಗೆ ಮಾತನಾಡಿದರು. ಉಮ್ಮ ಬೀಡಿ ಕಟ್ಟಿಯೇ ನಾಲ್ವರು ಮಕ್ಕಳನ್ನು ಸಾಕಿದವರು. ದಿನವೂ ಎಲೆ ನೆನೆಸಿ, ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ಸುತ್ತಿ, ನೂಲು ಕಟ್ಟುವುದು. (ಬೀಡಿ ಸೇದುವುದು ಸರಿಯೇ ಎಂಬ ಚರ್ಚೆಯನ್ನು ಇಲ್ಲಿ ಎತ್ತಬೇಡಿ. ಕರಾವಳಿಯ ಎಷ್ಟೋ ಮನೆಗಳಲ್ಲಿ ಒಲೆ ಉರಿದದ್ದು ಆ ಹೆಂಗಸರ ಬೆರಳುಗಳಿಂದ.) ಸಂಜೆ ಬೀಡಿ ಬ್ರಾಂಚಿನಲ್ಲಿ ಒಂದಿಷ್ಟು ಬೀಡಿ ಸರಿಯಿಲ್ಲವೆಂದು ಬದಿಗೆ ಹಾಕಿದರೆ ಆ ರಾತ್ರಿ ಉಮ್ಮ ಮೌನವಾಗಿರುತ್ತಿದ್ದರು. ಮರುದಿನ ಅದನ್ನು ಸರಿದೂಗಿಸಲು ಸುಬ್‌ಹಿಗಿಂತ ಮುಂಚೆ ಏಳುತ್ತಿದ್ದರು. ನರ್ಸಿಂಗ್ ಶಾಲೆಗೆ ಸೇರುವ ದಿನ ಉಮ್ಮನ ಕಿವಿ ಖಾಲಿಯಾಗಿತ್ತು. ಅದನ್ನು ತಾನು ಗಮನಿಸಿದ್ದು ಮೂರು ತಿಂಗಳ ನಂತರ ರಜೆಗೆ ಬಂದಾಗ ಎಂದರು. ಕೇಳಿದ್ದಕ್ಕೆ, ಅದು ಕಿವಿಗೆ ಭಾರವಾಗುತ್ತಿತ್ತು ಎಂದರಂತೆ ಉಮ್ಮ.

ಇಷ್ಟನ್ನು ಹೇಳುವಾಗ ಆ ಸಹೋದರಿಯ ಕಣ್ಣು ತುಂಬಿತ್ತು. ಇದನ್ನೆಲ್ಲ ಉಮ್ಮನಲ್ಲಿ ಎಂದಾದರೂ ಹೇಳಿದ್ದೀರಾ ಎಂದು ನಾನು ಕೇಳಿದೆ. ಅವರು ಅಚ್ಚರಿಯಿಂದ ನೋಡಿದರು.

"ಉಮ್ಮನಲ್ಲಿ ಇದನ್ನೆಲ್ಲ ಹೇಳುವುದುಂಟಾ ಉಸ್ತಾದರೇ? ನಾಚಿಕೆಯಾಗುವುದಿಲ್ಲವಾ?"

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಮದ್ರಸದ ಜಗಲಿಯಲ್ಲಿ ಉಸ್ತಾದರಲ್ಲಿ ಹೇಳಬಹುದು, ಪಕ್ಕದ ಮನೆಯವರಲ್ಲಿ ಹೇಳಬಹುದು, ಮಯ್ಯಿತ್ ಎತ್ತಿದ ಮೇಲೆ ಬಂದವರೆದುರು ಅತ್ತು ಹೇಳಬಹುದು. ಯಾರ ಕಿವಿಗೆ ಬೀಳಬೇಕೋ ಅವರಲ್ಲಿ ಮಾತ್ರ ಹೇಳಬಾರದು! ಇದು ಎಲ್ಲಿಂದ ಬಂತು? ದೀನ್‌ನಿಂದಲ್ಲ. ಸೂರಃ ಬನೀ ಇಸ್ರಾಈಲ್‌ನಲ್ಲಿ (17:23) ಅಲ್ಲಾಹನು ವೃದ್ಧ ಹೆತ್ತವರ ಮುಂದೆ ಉಫ್ ಎನ್ನುವುದನ್ನೂ ನಿಷೇಧಿಸಿದ್ದಾನೆ. ಅದು ನಮಗೆಲ್ಲ ಗೊತ್ತು. ಆದರೆ ವಚನ ಅಲ್ಲಿಗೆ ನಿಲ್ಲುವುದಿಲ್ಲ. ಅವರೊಂದಿಗೆ ಗೌರವದ, ಸವಿಯಾದ ಮಾತನ್ನಾಡಬೇಕೆಂಬ ಆಜ್ಞೆಯೂ ಅದರಲ್ಲಿದೆ. ಬಾಯಿ ಮುಚ್ಚಿಕೊಂಡಿದ್ದರೆ ಉಫ್ ಎನ್ನದಿರುವ ಆಜ್ಞೆ ಪಾಲನೆಯಾದೀತು, ಎರಡನೆಯದು ಹೇಗೆ ಆದೀತು? ಲುಕ್ಮಾನ್ ಸೂರಃದಲ್ಲಂತೂ ತನಗೆ ಕೃತಜ್ಞತೆ ಸಲ್ಲಿಸಬೇಕೆಂದು ಹೇಳಿದ ಅದೇ ಉಸಿರಿನಲ್ಲಿ ಹೆತ್ತವರಿಗೂ ಸಲ್ಲಿಸಬೇಕೆಂದು ಅಲ್ಲಾಹನು ಹೇಳಿದ್ದಾನೆ. ಅವನಿಗೆ ದಿನಕ್ಕೆ ಎಷ್ಟು ಸಲ ಅಲ್‌ಹಮ್ದುಲಿಲ್ಲಾಹ್ ಹೇಳುತ್ತೇವೆ! ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡರೆ ಸಾಕು ಎಂದು ಯಾರೂ ಹೇಳುವುದಿಲ್ಲ. ಒಬ್ಬನು ತನ್ನ ಸಹೋದರನನ್ನು ಪ್ರೀತಿಸುತ್ತಿದ್ದರೆ ಅದನ್ನು ಅವನಿಗೆ ತಿಳಿಸಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಅಬೂದಾವೂದ್, ತಿರ್ಮಿದಿಗಳಲ್ಲಿ ಆ ಹದೀಸ್ ಇದೆ. ಸ್ನೇಹಿತನಿಗೇ ತಿಳಿಸಬೇಕಾದರೆ ಒಂಬತ್ತು ತಿಂಗಳು ಹೊತ್ತವಳಿಗೆ ತಿಳಿಸಬಾರದೇ?

ಹೇಳುವುದೆಂದರೆ ಭಾಷಣ ಮಾಡುವುದಲ್ಲ. ನೀವು ಒಳ್ಳೆಯ ತಾಯಿ ಎಂಬ ಮಾತಿಗಿಂತ, ಅಂದು ನೀವು ಓಲೆ ಮಾರಿದ್ದು ನನಗೆ ಗೊತ್ತಾಗಿತ್ತು ಉಮ್ಮಾ ಎಂಬ ಒಂದು ಮಾತು ಹೆಚ್ಚು. ಇಷ್ಟು ವರ್ಷ ಯಾರೂ ಕಂಡಿಲ್ಲವೆಂದು ಅವರು ತಿಳಿದುಕೊಂಡಿದ್ದನ್ನು ನೀವು ಕಂಡಿದ್ದಿರಿ ಎಂದು ಅವರಿಗೆ ತಿಳಿಯಲಿ.

ಕೆಲವು ಹೆಣ್ಣುಮಕ್ಕಳಿಗೆ ಮಾತು ಬರುವುದಿಲ್ಲ, ಕೆಲಸ ಬರುತ್ತದೆ. ಅವರಿಗಾಗಿ ಕುರ್‌ಆನ್‌ನಲ್ಲಿ ಒಬ್ಬ ಮಗಳಿದ್ದಾಳೆ. ಹ. ಮೂಸಾ(ಅ)ರ ಸಹೋದರಿ. ಸೂರಃ ಕಸಸ್‌ನ 10ರಿಂದ 13ರವರೆಗಿನ ವಚನಗಳನ್ನು ಇಂದು ರಾತ್ರಿ ಇನ್ನೊಮ್ಮೆ ಓದಿ. ಮಗುವನ್ನು ನದಿಗೆ ಬಿಟ್ಟ ತಾಯಿಯ ಹೃದಯ ಬರಿದಾಗಿತ್ತು, ಅಲ್ಲಾಹನು ಅದನ್ನು ಹಿಡಿದು ನಿಲ್ಲಿಸದಿದ್ದರೆ ಗುಟ್ಟು ಹೊರಬೀಳುತ್ತಿತ್ತು. ಆ ಸ್ಥಿತಿಯಲ್ಲಿ ತಾಯಿ ಮಗಳಿಗೆ ಹೇಳಿದ್ದು ಒಂದೇ ಮಾತು, ಅವನ ಹಿಂದೆ ಹೋಗು ಎಂದು. ಉಳಿದದ್ದೆಲ್ಲ ಮಗಳ ಬುದ್ಧಿ. ಯಾರಿಗೂ ಸಂಶಯ ಬಾರದಂತೆ ದೂರದಿಂದ ನೋಡುತ್ತ ಹೋದಳು. ಮಗು ಯಾರ ಹಾಲನ್ನೂ ಕುಡಿಯದಿದ್ದಾಗ, ಇದನ್ನು ಸಾಕಬಲ್ಲ ಮನೆಯವರನ್ನು ತೋರಿಸಲೇ ಎಂದು ಫಿರ್‌ಔನನ ಮನೆಯವರೆದುರೇ ಕೇಳಿದಳು. ಮಗು ತಾಯಿಯ ಮಡಿಲಿಗೆ ಮರಳಿತು. ತಾಯಿಯ ಕಣ್ಣು ತಂಪಾಗಲಿ, ಅವಳು ದುಃಖಿಸದಿರಲಿ ಎಂಬುದೇ ಅದರ ಉದ್ದೇಶವೆಂದು ಅಲ್ಲಾಹನು ತಿಳಿಸುತ್ತಾನೆ. ಆ ತಂಪು ತಲುಪಿದ್ದು ಒಬ್ಬ ಮಗಳ ಕೈಯಿಂದ. ಅವಳ ಹೆಸರನ್ನೂ ಕುರ್‌ಆನ್ ಹೇಳುವುದಿಲ್ಲ.

ಇನ್ನು ಮದುವೆಯಾದ ಮಗಳ ವಿಷಯಕ್ಕೆ ಬರೋಣ. ಅದಕ್ಕೆ ಹ. ಅಬೂಬಕರ್(ರ)ರ ಪುತ್ರಿ ಅಸ್ಮಾ(ರ)ರಷ್ಟು ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕ್ರಿ.ಶ. 622ರ ಹಿಜ್‌ರತ್‌ನ ವೇಳೆ ಬುತ್ತಿ ಕಟ್ಟಲು ಏನೂ ಸಿಗದೆ ತನ್ನ ಸೊಂಟಪಟ್ಟಿಯನ್ನೇ ಎರಡಾಗಿ ಹರಿದವರು ಎಂದು ನಮಗೆಲ್ಲ ಅವರ ಪರಿಚಯ. ಅವರ ತಾಯಿ ಕುತೈಲಾ. ಇಸ್ಲಾಮ್ ಬರುವುದಕ್ಕೆ ಮುಂಚೆಯೇ ಹ. ಅಬೂಬಕರ್(ರ) ಅವರಿಗೆ ತಲಾಕ್ ನೀಡಿದ್ದರು. ಹ. ಆಇಶಾ(ರ)ರ ತಾಯಿ ಉಮ್ಮು ರೂಮಾನ್(ರ), ಬೇರೆಯವರು. ಅಸ್ಮಾ(ರ) ಇಸ್ಲಾಮ್ ಸ್ವೀಕರಿಸಿದರು, ತಾಯಿ ಸ್ವೀಕರಿಸಲಿಲ್ಲ. ಮಗಳು ಗರ್ಭಿಣಿಯಾಗಿ ಮದೀನಾದ ದಾರಿ ಹಿಡಿದರು, ಕುಬಾದಲ್ಲಿ ಅಬ್ದುಲ್ಲಾ(ರ)ರನ್ನು ಹೆತ್ತರು. ತಾಯಿ ಮಕ್ಕಾದಲ್ಲೇ ಉಳಿದರು. ಆ ಹೆರಿಗೆಗೆ ತವರಿನ ಬಾಣಂತನ ಇರಲಿಲ್ಲ ಎಂಬುದನ್ನು ನಮ್ಮ ಸಹೋದರಿಯರು ಊಹಿಸಿಕೊಳ್ಳಬಲ್ಲರು.

ಮದೀನಾದ ಆ ದಿನಗಳ ಬಗ್ಗೆ ಅಸ್ಮಾ(ರ) ಸ್ವತಃ ಹೇಳಿರುವುದು ಬುಖಾರಿಯಲ್ಲಿದೆ. ಪತಿ ಝುಬೈರ್(ರ)ರ ಬಳಿ ಒಂದು ಕುದುರೆ ಮತ್ತು ನೀರು ಸೇದುವ ಒಂದು ಒಂಟೆ ಬಿಟ್ಟರೆ ಬೇರೇನೂ ಇರಲಿಲ್ಲ. ಕುದುರೆಗೆ ಮೇವು ಹಾಕುವುದು, ನೀರು ತರುವುದು, ಚರ್ಮದ ಕೊಡ ಹೊಲಿಯುವುದು, ಹಿಟ್ಟು ನಾದುವುದು ಎಲ್ಲ ಅವರ ಕೆಲಸವಾಗಿತ್ತು. ದೂರದ ಹೊಲದಿಂದ ಖರ್ಜೂರದ ಬೀಜಗಳನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದರು. ರೊಟ್ಟಿ ಸುಡಲು ಮಾತ್ರ ಅವರಿಗೆ ಚೆನ್ನಾಗಿ ಬರುತ್ತಿರಲಿಲ್ಲ, ನೆರೆಯ ಅನ್ಸಾರಿ ಹೆಂಗಸರು ಸುಟ್ಟು ಕೊಡುತ್ತಿದ್ದರು. ಇಂತಹ ಸಣ್ಣ ವಿವರವನ್ನೂ ಮರೆಯದೆ ಹೇಳಿ, ಆ ನೆರೆಯವರನ್ನು ಸತ್ಯವಂತ ಸ್ತ್ರೀಯರೆಂದು ನೆನೆದಿದ್ದಾರೆ. ಉಪಕಾರ ನೆನೆಯುವವರ ಸ್ವಭಾವವೇ ಹಾಗೆ.

ಕ್ರಿ.ಶ. 628ರಲ್ಲಿ ಹುದೈಬಿಯಾ ಒಪ್ಪಂದವಾಯಿತು. ಮಕ್ಕಾ ಮದೀನಾಗಳ ನಡುವೆ ಜನ ಓಡಾಡುವಂತಾಯಿತು. ಆ ಒಪ್ಪಂದದ ಕಾಲದಲ್ಲಿ ಒಂದು ದಿನ ಕುತೈಲಾ ಮಗಳ ಮನೆಯ ಬಾಗಿಲಿಗೆ ಬಂದರು. ಸುಮಾರು 450 ಕಿಲೋಮೀಟರ್ ಮರಳುಗಾಡಿನ ದಾರಿ. ಕೈಯಲ್ಲಿ ತುಪ್ಪ ಮೊದಲಾದ ಉಡುಗೊರೆಗಳಿದ್ದವೆಂದು ಕೆಲವು ವರದಿಗಳಲ್ಲಿದೆ. ತಾಯಂದಿರು ಯಾವ ಕಾಲದಲ್ಲೂ ಬರಿಗೈಯಲ್ಲಿ ಮಗಳ ಮನೆಗೆ ಬರುವುದಿಲ್ಲ ನೋಡಿ. ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಬರುವ ಉಪ್ಪಿನಕಾಯಿ ಭರಣಿಯೂ ಅಂದಿನ ತುಪ್ಪವೂ ಒಂದೇ.

ಆದರೆ ಅಸ್ಮಾ(ರ) ಬಾಗಿಲಲ್ಲೇ ನಿಂತರು. ತಾಯಿ ಬಹುದೇವಾರಾಧಕಿ. ಮಕ್ಕಾದವರೊಂದಿಗೆ ಯುದ್ಧಗಳಾಗಿದ್ದವು, ಬಂಧುಗಳು ಬಂಧುಗಳ ಎದುರು ನಿಂತಿದ್ದರು. ಈ ಉಡುಗೊರೆ ಸ್ವೀಕರಿಸಬಹುದೇ, ಒಳಗೆ ಕರೆಯಬಹುದೇ? ಪ್ರೀತಿ ಇರಲಿಲ್ಲವೆಂದಲ್ಲ. ಇಲ್ಲದಿದ್ದರೆ ಅವರು ಕೇಳುವ ಗೋಜಿಗೇ ಹೋಗುತ್ತಿರಲಿಲ್ಲ. ತಮ್ಮ ಪ್ರೀತಿಗೆ ದೀನ್‌ನಲ್ಲಿ ಜಾಗವಿದೆಯೇ ಎಂಬುದು ಅವರ ಪ್ರಶ್ನೆಯಾಗಿತ್ತು. ನನ್ನ ತಾಯಿ ಬಂದಿದ್ದಾರೆ, ಏನನ್ನೋ ಬಯಸಿ ಬಂದಿದ್ದಾರೆ, ಅವರೊಂದಿಗೆ ಸಂಬಂಧ ಇರಿಸಿಕೊಳ್ಳಲೇ ಎಂದು ಪ್ರವಾದಿ(ಸ)ರಲ್ಲಿ ವಿಚಾರಿಸಲಾಯಿತು.

ಪ್ರವಾದಿ(ಸ)ರ ಉತ್ತರದಲ್ಲಿ ಷರತ್ತುಗಳಿರಲಿಲ್ಲ. ಹೌದು, ನಿನ್ನ ತಾಯಿಯೊಂದಿಗೆ ಸಂಬಂಧ ಜೋಡಿಸು ಎಂಬಷ್ಟೇ ಅದರ ತಾತ್ಪರ್ಯ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದು ವರದಿಯಾಗಿದೆ. ಧರ್ಮದ ವಿಷಯದಲ್ಲಿ ನಿಮ್ಮೊಂದಿಗೆ ಯುದ್ಧ ಮಾಡದವರೊಂದಿಗೆ, ನಿಮ್ಮನ್ನು ಮನೆಗಳಿಂದ ಹೊರಗಟ್ಟದವರೊಂದಿಗೆ ಒಳಿತಿನಿಂದಲೂ ನ್ಯಾಯದಿಂದಲೂ ವರ್ತಿಸುವುದನ್ನು ಅಲ್ಲಾಹನು ತಡೆಯುವುದಿಲ್ಲವೆಂದು ತಿಳಿಸುವ ಮುಮ್ತಹಿನಃ ಸೂರಃದ 8ನೇ ವಚನದ ಹಿನ್ನೆಲೆಯಲ್ಲೂ ಈ ಘಟನೆಯನ್ನು ವ್ಯಾಖ್ಯಾನಕಾರರು ಉಲ್ಲೇಖಿಸುತ್ತಾರೆ. ಕುತೈಲಾ ಕೊನೆಗೆ ಇಸ್ಲಾಮ್ ಸ್ವೀಕರಿಸಿದರೇ ಎಂಬ ವಿಷಯದಲ್ಲಿ ವಿದ್ವಾಂಸರು ಏಕಾಭಿಪ್ರಾಯಕ್ಕೆ ಬಂದಿಲ್ಲ. ಮಗಳ ಕರ್ತವ್ಯ ಅದಕ್ಕಾಗಿ ಕಾಯಲೂ ಇಲ್ಲ.

ಈಗ ನಮ್ಮ ಮನೆಗಳನ್ನು ನೋಡಿ. ಇಲ್ಲಿ ಬಾಗಿಲಲ್ಲಿ ನಿಲ್ಲುವ ತಾಯಿ ಮುಸ್ಲಿಮಳು, ಐದು ಹೊತ್ತಿನ ನಮಾಝ್ ಬಿಡದವಳು. ಅಂತಹ ತಾಯಿ ಮಗಳ ಮನೆಗೆ ಬಂದರೆ ಎರಡನೆಯ ದಿನಕ್ಕೇ ಮುಖ ದಪ್ಪಗಾಗುವ ಮನೆಗಳಿವೆ. ತಾಯಿಗೆ ಹುಷಾರಿಲ್ಲವೆಂದು ಫೋನ್ ಬಂದರೆ, ನಿನ್ನ ಅಣ್ಣ ಅತ್ತಿಗೆ ಇದ್ದಾರಲ್ಲ ಎನ್ನುವ ಪತಿಯರಿದ್ದಾರೆ. ಪತಿಯ ಅನುಸರಣೆ ಪತ್ನಿಯ ಮೇಲೆ ಕಡ್ಡಾಯವೆಂದು ಇಂತಹವರಿಗೆ ಚೆನ್ನಾಗಿ ನೆನಪಿರುತ್ತದೆ. ಕಿತಾಬಿನ ಮುಂದಿನ ಪುಟವನ್ನೂ ತೆರೆದರೆ ಒಳ್ಳೆಯದಿತ್ತು. ಹನಫೀ ಫಿಕ್‌ಹ್‌ನ ಪ್ರಸಿದ್ಧ ಗ್ರಂಥ ಹಿದಾಯದಲ್ಲಿ, ಪತ್ನಿ ವಾರಕ್ಕೊಮ್ಮೆ ತನ್ನ ಹೆತ್ತವರನ್ನು ಕಾಣಲು ಹೋಗುವುದನ್ನಾಗಲಿ ಅವರು ಬರುವುದನ್ನಾಗಲಿ ಪತಿ ತಡೆಯಬಾರದೆಂಬ ಅಭಿಪ್ರಾಯವನ್ನೇ ಸರಿಯೆಂದು ಹೇಳಲಾಗಿದೆ. ಶಾಫಿಈ ಮದ್‌ಹಬ್‌ನಲ್ಲಿ ಪತಿಯ ಅನುಮತಿಗೆ ಹೆಚ್ಚಿನ ಸ್ಥಾನವಿದ್ದರೂ, ತಾಯಿಯ ರೋಗಶಯ್ಯೆಯ ಬಳಿಗೆ ಹೋಗದಂತೆ ತಡೆಯುವುದು ಒಳ್ಳೆಯ ಪತಿಯ ಲಕ್ಷಣವೆಂದು ಅಲ್ಲಿಯೂ ಯಾರೂ ಹೊಗಳಿಲ್ಲ.

ಹಣದ ವಿಷಯವೂ ಇದೆ. ನಮ್ಮಲ್ಲಿ ಮಗಳು ತಾಯಿಗೆ ಐನೂರು ರೂಪಾಯಿ ಕೊಡಬೇಕಾದರೂ ಕದ್ದು ಕೊಡುತ್ತಾಳೆ. ಮಹರ್ ಅವಳದು, ಅವಳ ದುಡಿಮೆ ಅವಳದು. ಅದರಿಂದ ತಾಯಿಗೆ ಕೊಡಲು ನಾಚುವುದೇಕೆ? ಬಡ ತಾಯಿತಂದೆಯರ ಪೋಷಣೆಯ ಹೊಣೆ ಅನುಕೂಲವಿರುವ ಗಂಡು ಹೆಣ್ಣು ಮಕ್ಕಳಿಬ್ಬರ ಮೇಲೂ ಸಮಾನವಾಗಿದೆಯೆಂಬುದೇ ಹಿದಾಯದಲ್ಲಿ ಸರಿಯೆಂದು ಎತ್ತಿಹಿಡಿದಿರುವ ಅಭಿಪ್ರಾಯ. ತಾಯಿಗೆ ಝಕಾತ್ ಕೊಡುವಂತಿಲ್ಲ ಎಂದು ಮದ್ರಸದಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ಅದರ ಕಾರಣವನ್ನು ಅಷ್ಟು ಒತ್ತಿ ಹೇಳುವುದಿಲ್ಲ: ಅವರಿಗೆ ಕೊಡಬೇಕಾದದ್ದು ನಿಮ್ಮ ಸ್ವಂತ ಸಂಪತ್ತಿನಿಂದ, ಹಕ್ಕಾಗಿ, ದಾನವಾಗಿ ಅಲ್ಲ. ನಮ್ಮ ದೇಶದ ಕಾನೂನೂ ಇದನ್ನೇ ಹೇಳುತ್ತದೆ. ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯಲ್ಲಿ ಮಕ್ಕಳು ಎಂಬ ಪದದೊಳಗೆ ಮಗಳೂ ಸೇರಿದ್ದಾಳೆ.

ಅತ್ತೆಯಂದಿರಿಗೆ ಒಂದು ಮಾತು. ಸೊಸೆ ತನ್ನ ಉಮ್ಮನನ್ನು ನೆನೆದು ಕಣ್ಣೊರೆಸಿಕೊಂಡರೆ ಅದು ನಿಮ್ಮ ಮನೆಯ ಮೇಲಿನ ದೂರಲ್ಲ. ನಿಮ್ಮ ಮಗಳು ಇನ್ನೊಂದು ಮನೆಯ ಅಡುಗೆಕೋಣೆಯಲ್ಲಿ ಇದೇ ಹೊತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿರಬಹುದು.

ಇಲ್ಲಿಯವರೆಗೆ ಓದಿದ ಕೆಲವು ಸಹೋದರಿಯರಿಗೆ ಮನಸ್ಸಿನಲ್ಲಿ ಒಂದು ಮುಳ್ಳು ಚುಚ್ಚಿರಬಹುದು. ಎಲ್ಲರ ತಾಯಿಯೂ ಖರ್ಜೂರ ಹಂಚಿದ ತಾಯಿಯಲ್ಲ. ಅಣ್ಣನಿಗೆ ಮೀನಿನ ದೊಡ್ಡ ತುಂಡು, ತನಗೆ ಬಾಲ. ತಮ್ಮ ಕಾಲೇಜಿಗೆ, ತಾನು ಹತ್ತನೆಯ ತರಗತಿಗೇ ಮನೆಗೆ. ತಂದೆಯ ಆಸ್ತಿ ಭಾಗವಾಗುವಾಗ, ನಿನಗೇಕೆ, ನಿನ್ನ ಮದುವೆಗೆ ಕೊಟ್ಟಿದ್ದೇವಲ್ಲ ಎಂದು ಸಹಿ ಹಾಕಿಸಿದವರಲ್ಲಿ ಉಮ್ಮನೂ ಇದ್ದರು. ಇಂತಹ ಮಗಳಿಗೆ ತಾಯಿಯನ್ನು ಹೊಗಳು ಎಂದರೆ ಗಂಟಲಲ್ಲಿ ಏನೋ ಸಿಕ್ಕಿಕೊಳ್ಳುತ್ತದೆ. ಅವಳಿಗೆ ಸುಳ್ಳು ಹೇಳಲು ದೀನ್ ಕಲಿಸುವುದಿಲ್ಲ. ಹೆತ್ತವರು ಬಿಟ್ಟುಹೋದ ಸಂಪತ್ತಿನಲ್ಲಿ ಸ್ತ್ರೀಯರಿಗೂ ಪಾಲಿದೆಯೆಂದು ನಿಸಾ ಸೂರಃದ 7ನೇ ವಚನ ಘೋಷಿಸಿದೆ. ಆ ಪಾಲು ಸ್ವಲ್ಪವಿರಲಿ ಹೆಚ್ಚಿರಲಿ, ಅಲ್ಲಾಹನು ನಿಶ್ಚಯಿಸಿದ್ದು. ಅದನ್ನು ಕೇಳುವುದು ತಾಯಿಗೆ ಮಾಡುವ ದ್ರೋಹವಲ್ಲ. ಕೇಳಿ, ಜೊತೆಗೆ ತಾಯಿಯ ಬಿ.ಪಿ. ಮಾತ್ರೆ ಮುಗಿದಿದೆಯೇ ಎಂದೂ ಕೇಳಿ. ಎರಡೂ ಒಂದೇ ನಾಲಿಗೆಯಿಂದ ಬರಬಹುದು. ಶಿರ್ಕ್ ಮಾಡಲು ಒತ್ತಾಯಿಸುವ ಹೆತ್ತವರ ವಿಷಯದಲ್ಲೂ, ಆ ಮಾತನ್ನು ಅನುಸರಿಸಬೇಡ, ಆದರೆ ಈ ಲೋಕದಲ್ಲಿ ಅವರೊಂದಿಗೆ ಚೆನ್ನಾಗಿ ಬಾಳು ಎಂಬ ಅರ್ಥದ ಆಜ್ಞೆ ಲುಕ್ಮಾನ್ ಸೂರಃದ 15ನೇ ವಚನದಲ್ಲಿದೆ. ಅಲ್ಲಿ ಒಪ್ಪಿಗೆ ಬೇರೆ, ಒಡನಾಟ ಬೇರೆ.

ನನ್ನ ಅನಿಸಿಕೆ ಹೇಳುವುದಾದರೆ, ಅಂತಹ ತಾಯಂದಿರಲ್ಲಿ ಹಲವರು ತಾವೂ ಬಾಲದ ತುಂಡನ್ನೇ ತಿಂದು ಬೆಳೆದವರು. ಅದಕ್ಕಿಂತ ಬೇರೆ ನ್ಯಾಯವಿದೆಯೆಂದು ಅವರಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. ಇದರಿಂದ ತಪ್ಪು ಸರಿಯಾಗುವುದಿಲ್ಲ, ಮಗಳ ಎದೆಯ ಭಾರ ಮಾತ್ರ ಸ್ವಲ್ಪ ಇಳಿದೀತು.

ತಾಯಿ ಈಗಾಗಲೇ ಇಹಲೋಕ ತ್ಯಜಿಸಿದ್ದರೆ? ಹ. ಖದೀಜಾ(ರ)ರು ತಮ್ಮ ಮಗಳು ಝೈನಬ್(ರ)ರ ಮದುವೆಯ ಸಂದರ್ಭದಲ್ಲಿ ಒಂದು ಕೊರಳಹಾರ ಕೊಟ್ಟಿದ್ದರು. ಖದೀಜಾ(ರ) ತೀರಿಕೊಂಡರು. ಮಗಳು ಹಾರವನ್ನು ಕಾಪಾಡಿಕೊಂಡರು. ಕ್ರಿ.ಶ. 624ರ ಬದ್ರ್ ಯುದ್ಧದಲ್ಲಿ ಅವರ ಪತಿ ಅಬುಲ್ ಆಸ್ ಮಕ್ಕಾದವರ ಕಡೆಯಿಂದ ಬಂದು ಸೆರೆಯಾದರು. ಬಿಡುಗಡೆಯ ಹಣಕ್ಕಾಗಿ ಝೈನಬ್(ರ) ಮಕ್ಕಾದಿಂದ ಕಳುಹಿಸಿದ್ದರಲ್ಲಿ ಆ ಹಾರವೂ ಇತ್ತು. ಅದನ್ನು ಕಂಡೊಡನೆ ಪ್ರವಾದಿ(ಸ)ರ ಹೃದಯ ಕರಗಿತು. ಸೆರೆಯಾಳನ್ನು ಬಿಟ್ಟು ಹಾರವನ್ನೂ ಮಗಳಿಗೆ ಮರಳಿಸಬಹುದೇ ಎಂದು ಅವರು ಸಹಾಬಿಗಳನ್ನು ಕೇಳಿದರು. ಸಹಾಬಿಗಳು ಒಪ್ಪಿದರು. ತಾಯಿಯ ಹಾರ ಮಗಳ ಕೈಗೆ ಮರಳಿತು.

ಎಲ್ಲರಿಗೂ ಹಾರ ಇರುವುದಿಲ್ಲ. ಜುಹೈನಾ ಗೋತ್ರದ ಒಬ್ಬ ಮಹಿಳೆಗೆ ತಾಯಿಯಿಂದ ಉಳಿದದ್ದು ಒಂದು ತೀರದ ಹರಕೆ ಮಾತ್ರ. ತಾಯಿ ಹಜ್ಜ್ ಮಾಡುವೆನೆಂದು ಹರಕೆ ಹೊತ್ತು, ಮಾಡುವ ಮುಂಚೆಯೇ ತೀರಿಕೊಂಡಿದ್ದರು. ನಾನು ಅವರ ಪರವಾಗಿ ಮಾಡಬಹುದೇ ಎಂದು ಆ ಮಗಳು ಪ್ರವಾದಿ(ಸ)ರನ್ನು ಕೇಳಿದರು. ಮಾಡಬಹುದೆಂಬ ಉತ್ತರದೊಂದಿಗೆ ಒಂದು ಪ್ರಶ್ನೆಯೂ ಬಂತು: ತಾಯಿಯ ಮೇಲೆ ಸಾಲವಿದ್ದಿದ್ದರೆ ನೀನು ತೀರಿಸುತ್ತಿರಲಿಲ್ಲವೇ? ಅಲ್ಲಾಹನ ಸಾಲ ತೀರಿಸಲ್ಪಡಲು ಇನ್ನೂ ಹೆಚ್ಚು ಅರ್ಹವಾದದ್ದು ಎಂದು ಪ್ರವಾದಿ(ಸ) ವಿವರಿಸಿದರೆಂದು ಬುಖಾರಿಯಲ್ಲಿದೆ. ಆ ಮಗಳು ತಾಯಿಯ ಬಗ್ಗೆ ಒಂದು ಹೊಗಳಿಕೆಯ ಮಾತನ್ನೂ ಆಡಲಿಲ್ಲ. ತಾಯಿ ಬಯಸಿದ್ದೇನೆಂದು ಅವರಿಗೆ ನೆನಪಿತ್ತು, ಅಷ್ಟೇ.

ಇಂತಹ ಲೆಕ್ಕ ಗಂಡುಮಕ್ಕಳಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಯಾರಿಂದ ಕೈಸಾಲ ತಂದಿದ್ದರು, ಯಾವ ನೇರ್ಚೆ ಬಾಕಿಯಿದೆ, ಯಾವ ಗೆಳತಿಯ ಮನೆಗೆ ಹೋಗಬೇಕೆಂದು ಹೇಳುತ್ತಲೇ ಇದ್ದರು, ಇವೆಲ್ಲ ಮಗಳ ಕಿವಿಗೆ ಬಿದ್ದಿರುತ್ತವೆ. ಉಮ್ಮ ಬದುಕಿದ್ದರೆ ಈ ಶುಕ್ರವಾರ ಹೋದಾಗ ಮೆಲ್ಲಗೆ ಕೇಳಿಟ್ಟುಕೊಳ್ಳಿ. ಮುಖ್ಯವಾಗಿ ಬಾಕಿಯಿರುವ ರಮಝಾನ್ ಉಪವಾಸಗಳ ಬಗ್ಗೆ ಕೇಳಿ. ನಮ್ಮ ಹಿರಿಯ ಹೆಂಗಸರಲ್ಲಿ ಎಷ್ಟೋ ಮಂದಿ ಒಂದರ ಹಿಂದೊಂದು ಹೆರಿಗೆ, ಮೊಲೆಯೂಡಿಸುವಿಕೆ, ಮನೆಗೆಲಸಗಳ ನಡುವೆ ಬಿಟ್ಟುಹೋದ ನೋಂಬುಗಳನ್ನು ತೀರಿಸಲಾಗದೆ ಆ ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೊರಗುತ್ತಾರೆ. ಯಾರಲ್ಲೂ ಹೇಳುವುದಿಲ್ಲ. ಬದುಕಿದ್ದು ಶಕ್ತಿಯಿದ್ದರೆ ಅವರೇ ಹಿಡಿಯಲು ನೀವು ಮನೆಗೆಲಸದಲ್ಲಿ ನೆರವಾಗಬಹುದು, ಶಕ್ತಿಯಿಲ್ಲದಿದ್ದರೆ ಫಿದ್ಯಾ ಕೊಡಬಹುದು. ತೀರಿಕೊಂಡಿದ್ದರೆ ಅವರ ಪರವಾಗಿ ಬಂಧುಗಳು ಉಪವಾಸ ಹಿಡಿಯಬಹುದೆಂಬ ಹದೀಸ್ ಹ. ಆಇಶಾ(ರ)ರಿಂದ ವರದಿಯಾಗಿದೆ. ಇಮಾಮ್ ನವವೀಯಂತಹ ಶಾಫಿಈ ವಿದ್ವಾಂಸರು ಅದನ್ನು ಎತ್ತಿಹಿಡಿದಿದ್ದಾರೆ. ಹನಫಿಗಳು ಫಿದ್ಯಾ ಕೊಡಲು ಹೇಳುತ್ತಾರೆ. ನಿಮ್ಮ ಮಹಲ್ಲಿನ ಖತೀಬರಲ್ಲಿ ಕೇಳಿ ನಿಮ್ಮ ಮದ್‌ಹಬ್‌ನಂತೆ ಮಾಡಿ.

ಲೆಕ್ಕ ಕೇಳುವಾಗ ಯಾವ ವರ್ಷದ ನೋಂಬುಗಳು ಎಂದೂ ಕೇಳಿ ನೋಡಿ. ಉಮ್ಮಂದಿರು ಇಸವಿ ಹೇಳುವುದಿಲ್ಲ, ಹೊಟ್ಟೆಯಲ್ಲಿ ಯಾರಿದ್ದರೆಂದು ಹೇಳುತ್ತಾರೆ. ಅದರಲ್ಲಿ ಕೆಲವು ನಿಮ್ಮವೇ ಆಗಿರಬಹುದು.